ಕ್ಯಾಮೆರಾದ ಮೆಮರಿ ಕಾರ್ಡನ್ನು ನಂಬಬಹುದೆ?

ಅಥಣಿಯಿಂದ ವಿಜಯಪುರದ ಕಡೆಗೆ ಹೋಗುವ ಹಾದಿಯಲ್ಲಿ ತೆಲಸಂಗವೆಂಬ ಊರು ಸಿಗುತ್ತದೆ. ಆ ಊರಿನಲ್ಲಿ ಒಂದು ಮದುವೆ ನಡೆಯಿತೆಂದು ಭಾವಿಸೋಣ. ಅರಿಸಿನ ಹಚ್ಚಿದ ಹೊತ್ತಿನಿಂದ ಹೆಣ್ಣನ್ನು ಕಳುಹಿಸಿಕೊಡುವ ತನಕ ಛಾಯಾಗ್ರಾಹಕನು ಎರಡು ದಿನ ಓಡಾಡಿ ಒಂದೂವರೆ ಸಾವಿರ ಚಿತ್ರಗಳನ್ನು ತೆಗೆದಿದ್ದಾನೆ. ಅಷ್ಟು ಚಿತ್ರಗಳೂ ಅಂಚೆಚೀಟಿಯಷ್ಟು ಅಗಲವಾದ ಒಂದು ಮೆಮರಿ ಕಾರ್ಡಿನಲ್ಲಿ ಅಡಗಿವೆ. ಮೂರನೆಯ ದಿನ ಆ ಕಾರ್ಡನ್ನು ಕಂಪ್ಯೂಟರಿಗೆ ಸೇರಿಸಿದಾಗ, ಇದನ್ನು ಓದಲಾಗುವುದಿಲ್ಲವೆಂಬ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ. ಕಾರ್ಡಿನ ಬೆಲೆ ಕೆಲವು ನೂರು ರೂಪಾಯಿ. ಅದು ಹೋದರೆ ಹೋಗಲಿ. ಆದರೆ ಅಕ್ಕಿಕಾಳು ಬಿದ್ದ ಗಳಿಗೆಯನ್ನು ಮರಳಿ ತರುವುದು ಯಾರಿಂದ ಸಾಧ್ಯ? ಆ ಮನೆಯ ಮುತ್ತಜ್ಜಿಯ ಕಡೆಯ ಚಿತ್ರವೂ ಅದರಲ್ಲಿಯೇ ಇದ್ದಿರಬಹುದು.

ಫಿಲ್ಮಿನ ಕಾಲದಲ್ಲಿ ಇಂಥ ಹಾನಿಗೆ ಒಂದು ಮಿತಿಯಿತ್ತು. ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ ೩೬ ಚಿತ್ರಗಳು. ಒಂದು ಸುರುಳಿ ಕೆಟ್ಟರೆ ಉಳಿದ ಸುರುಳಿಗಳು ಇದ್ದೇ ಇರುತ್ತಿದ್ದವು. ಈಗ ನಲವತ್ತು ಸುರುಳಿಗಳ ಭಾರವನ್ನು ಒಂದೇ ಕಾರ್ಡು ಹೊರುತ್ತದೆ. ಆದಕಾರಣ ಕಾರ್ಡನ್ನು ಆರಿಸುವುದು ಬರಿಯ ಬೆಲೆಯ ವಿಚಾರವಲ್ಲ. ಯಾವುದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ವಿಚಾರವಿದು. ಅದನ್ನು ನಿರ್ಣಯಿಸಬೇಕಾದರೆ ಮೊದಲು ಕಾರ್ಡಿನ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಕಾರ್ಡಿನ ಅಂತರಂಗ

ಕಾರ್ಡಿನಲ್ಲಿ ಚಲಿಸುವ ಭಾಗ ಯಾವುದೂ ಇಲ್ಲ. ಪ್ಲಾಸ್ಟಿಕ್ಕಿನ ಕವಚವನ್ನು ಬಿಚ್ಚಿದರೆ ಮುಖ್ಯವಾಗಿ ಎರಡು ಅಂಗಗಳು ಕಾಣುತ್ತವೆ. ಒಂದು, ಚಿತ್ರಗಳನ್ನು ಹಿಡಿದಿಡುವ ಸಿಲಿಕಾನ್ ಚಿಪ್ಪು. ಇನ್ನೊಂದು, ಆ ಚಿಪ್ಪಿನ ಲೆಕ್ಕಪತ್ರವನ್ನು ನೋಡಿಕೊಳ್ಳುವ ನಿಯಂತ್ರಕ. ಮೊದಲನೆಯದನ್ನು ಉಗ್ರಾಣವೆಂದೂ ಎರಡನೆಯದನ್ನು ಅದರ ಕಾರಕೂನನೆಂದೂ ತಿಳಿಯಬಹುದು.

ಈ ಉಗ್ರಾಣದಲ್ಲಿ ಅತಿ ಸೂಕ್ಷ್ಮವಾದ ಕೋಶಗಳಿವೆ. ಪ್ರತಿಯೊಂದು ಕೋಶವೂ ಒಂದು ಟ್ರಾನ್ಸಿಸ್ಟರು. ಅದರ ನಡುವೆ ನಾಲ್ಕೂ ಕಡೆ ಅವಾಹಕ ಪದರದಿಂದ ಸುತ್ತುವರಿದ ಒಂದು ತಾಣವುಂಟು. ತಕ್ಕಷ್ಟು ವಿದ್ಯುತ್ತಿನ ಒತ್ತಡವನ್ನು ಕೊಟ್ಟಾಗ ಇಲೆಕ್ಟ್ರಾನುಗಳು ಆ ಪದರವನ್ನು ತೂರಿ ಒಳಗೆ ಸೇರಿಕೊಳ್ಳುತ್ತವೆ. ಒತ್ತಡವನ್ನು ತೆಗೆದ ಮೇಲೆ ಹೊರಬರಲಾರದೆ ಅಲ್ಲಿಯೇ ಸೆರೆಯಾಗಿ ಉಳಿಯುತ್ತವೆ. ಇಲೆಕ್ಟ್ರಾನುಗಳು ತುಂಬಿದ ಕೋಶ ಸೊನ್ನೆಯನ್ನೂ ಬರಿದಾದ ಕೋಶ ಒಂದನ್ನೂ ಸೂಚಿಸುತ್ತದೆ. ಕ್ಯಾಮೆರಾದ ಚಿತ್ರವೆಲ್ಲ ಕಟ್ಟಕಡೆಗೆ ಸೊನ್ನೆ ಮತ್ತು ಒಂದುಗಳ ಸಾಲೇ ಆದುದರಿಂದ, ಈ ಕೋಶಗಳಲ್ಲಿ ಅದನ್ನು ಬರೆದಿಡಲು ಬರುತ್ತದೆ. ಬ್ಯಾಟರಿಯನ್ನು ತೆಗೆದರೂ ಸೆರೆಯಾದ ಇಲೆಕ್ಟ್ರಾನುಗಳು ಅಲ್ಲಿಯೇ ಇರುವುದರಿಂದ ಬರಹ ಅಳಿಯುವುದಿಲ್ಲ.

ಇಂಥ ‘ತೇಲುವ ದ್ವಾರ’ದ ಟ್ರಾನ್ಸಿಸ್ಟರನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾನ್ ಕಾಂಗ್ ಮತ್ತು ಸೈಮನ್ ಸೀ ಎಂಬಿಬ್ಬರು ೧೯೬೭ರಲ್ಲಿ ರೂಪಿಸಿದರು. ಅದನ್ನು ಬಳಸಿ, ಕೋಶಗಳ ಒಂದು ದೊಡ್ಡ ಗುಂಪನ್ನೇ ಒಮ್ಮೆಗೆ ಅಳಿಸಬಲ್ಲ ಚಿಪ್ಪನ್ನು ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುಓಕಾ ೧೯೮೪ರಲ್ಲಿ ವಿದ್ವಾಂಸರ ಮುಂದಿಟ್ಟರು. ಒಂದೇ ಕ್ಷಣದಲ್ಲಿ ಎಲ್ಲವೂ ಅಳಿಯುವುದನ್ನು ಕಂಡು ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲಾಶ್ ದೀಪದ ನೆನಪಾಯಿತಂತೆ. ಅದರಿಂದ ಇದಕ್ಕೆ ‘ಫ್ಲಾಶ್ ಮೆಮರಿ’ ಎಂಬ ಹೆಸರು ನಿಂತಿತು. ಕ್ಯಾಮೆರಾದಿಂದ ಹೆಸರನ್ನು ಪಡೆದ ವಸ್ತು ಮುಂದೆ ಕ್ಯಾಮೆರಾದ ಹೊಟ್ಟೆಯನ್ನೇ ಸೇರಿದುದು ವಿಚಿತ್ರವಲ್ಲವೆ? ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಡಿ ಕಾರ್ಡನ್ನು ತೋಶಿಬಾ, ಪ್ಯಾನಸಾನಿಕ್ ಮತ್ತು ಸ್ಯಾನ್‌ಡಿಸ್ಕ್ ಸಂಸ್ಥೆಗಳು ೧೯೯೯ರಲ್ಲಿ ಕೂಡಿ ಪ್ರಕಟಿಸಿದವು. ಅದರ ಉದ್ದ ೩೨, ಅಗಲ ೨೪, ದಪ್ಪ ೨.೧ ಮಿಲಿಮೀಟರು.

ಒಂದು ೬೪ ಗಿಗಾಬೈಟಿನ ಕಾರ್ಡಿನಲ್ಲಿ ಎಷ್ಟು ಕೋಶಗಳಿರಬಹುದು? ಒಂದು ಬೈಟಿಗೆ ಎಂಟು ಬಿಟ್‌ಗಳಂತೆ ಒಟ್ಟು ೫೧,೨೦೦ ಕೋಟಿ ಬಿಟ್‌ಗಳು. ಒಂದು ಕೋಶದಲ್ಲಿ ಮೂರು ಬಿಟ್‌ಗಳನ್ನು ಇರಿಸಿದರೂ ಸುಮಾರು ೧೭,೦೦೦ ಕೋಟಿ ಕೋಶಗಳು ಬೇಕು. ಇವನ್ನು ಒಂದೇ ನೆಲದಲ್ಲಿ ಹರಡಲು ಸ್ಥಳ ಸಾಲದು. ಆದುದರಿಂದ ಇಂದಿನ ಅನೇಕ ಚಿಪ್ಪುಗಳಲ್ಲಿ ಕೋಶಗಳನ್ನು ನೂರಕ್ಕೂ ಹೆಚ್ಚು ಅಂತಸ್ತುಗಳಾಗಿ ಒಂದರ ಮೇಲೊಂದು ಕಟ್ಟಿರುತ್ತಾರೆ.

ಸವೆತ ಮತ್ತು ಸೋರಿಕೆ

ಈಗ ಕಾರ್ಡಿನ ದೌರ್ಬಲ್ಯದ ಮೂಲವನ್ನು ನೋಡೋಣ. ಇಲೆಕ್ಟ್ರಾನುಗಳನ್ನು ಸೆರೆಯಲ್ಲಿಡುವ ಅವಾಹಕ ಪದರ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟೇ ದಪ್ಪವಾದುದು. ಪ್ರತಿ ಸಲ ಬರೆಯುವಾಗಲೂ ಅಳಿಸುವಾಗಲೂ ಇಲೆಕ್ಟ್ರಾನುಗಳು ಅದನ್ನು ತೂರಿ ಹೋಗುತ್ತವೆ. ಹೋದಾಗಲೆಲ್ಲ ಅದಕ್ಕೆ ಕಿಂಚಿತ್ತು ಗಾಯವಾಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಆ ಪದರ ಹಳೆಯ ಮಣ್ಣಿನ ಕೊಡದಂತೆ ಜಿನುಗತೊಡಗುತ್ತದೆ. ಇದನ್ನೇ ಕಾರ್ಡಿನ ಸವೆತವೆನ್ನುವುದು.

ಒಂದು ಕೋಶದಲ್ಲಿ ಒಂದೇ ಬಿಟ್ ಇದ್ದರೆ, ಕೊಡ ತುಂಬಿದೆಯೋ ಬರಿದಾಗಿದೆಯೋ ಎಂದು ನೋಡಿದರೆ ಸಾಕು. ಸ್ವಲ್ಪ ಸೋರಿದರೂ ಓದುವುದರಲ್ಲಿ ತಪ್ಪಾಗದು. ಆದರೆ ಕಡಮೆ ಬೆಲೆಗೆ ಹೆಚ್ಚು ಸ್ಥಳ ಬೇಕೆಂದು ಇಂದಿನ ಕಾರ್ಡುಗಳಲ್ಲಿ ಒಂದೇ ಕೋಶದಲ್ಲಿ ಮೂರು ಬಿಟ್‌ಗಳನ್ನೂ ಕೆಲವು ಕಡೆ ನಾಲ್ಕು ಬಿಟ್‌ಗಳನ್ನೂ ಇರಿಸುತ್ತಾರೆ. ಮೂರು ಬಿಟ್‌ಗಳಿಗೆ ಎಂಟು ಮಟ್ಟಗಳು, ನಾಲ್ಕಕ್ಕೆ ಹದಿನಾರು ಮಟ್ಟಗಳು. ಅದೇ ಕೊಡದೊಳಗೆ ಎಂಟು ಗೆರೆಗಳನ್ನು ಕೊರೆದು, ನೀರು ಎಷ್ಟನೆಯ ಗೆರೆಯಲ್ಲಿದೆಯೆಂದು ಓದಿದ ಹಾಗೆ. ಇಲ್ಲಿ ಸ್ವಲ್ಪ ಸೋರಿಕೆಯೂ ಒಂದು ಗೆರೆಯನ್ನು ಇನ್ನೊಂದಾಗಿಸುತ್ತದೆ. ಆದ್ದರಿಂದಲೇ ಒಂದು ಬಿಟ್ಟಿನ ಕೋಶ ಸ್ಥೂಲವಾಗಿ ಲಕ್ಷ ಸಲದ ಬರಹವನ್ನು ತಾಳಿದರೆ ಮೂರು ಬಿಟ್ಟಿನ ಕೋಶ ತಾಳುವುದು ಸಾವಿರದ ಲೆಕ್ಕದಲ್ಲಿ ಮಾತ್ರ.

ಇದನ್ನು ಓದಿ ವಾಚಕರು ಗಾಬರಿಪಡಬೇಕಾಗಿಲ್ಲ. ಕಾರಕೂನನಾದ ನಿಯಂತ್ರಕ ಎರಡು ಉಪಾಯಗಳಿಂದ ಈ ಕೊರತೆಯನ್ನು ತುಂಬಿಕೊಡುತ್ತದೆ. ಮೊದಲನೆಯದು, ಬರಹವನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆಯದೆ ಎಲ್ಲ ಕೋಶಗಳಿಗೂ ಸರದಿಯಂತೆ ಹಂಚುವುದು. ಎರಡನೆಯದು, ಬರಹದ ಜೊತೆಗೆ ತಾಳೆನೋಡುವ ಹೆಚ್ಚಿನ ಅಂಕೆಗಳನ್ನೂ ಬರೆದಿಡುವುದು. ಕಿರಾಣಿ ಅಂಗಡಿಯ ಚೀಟಿಯಲ್ಲಿ ಒಂದು ಅಂಕೆ ಮಸುಕಾದರೆ, ಕೆಳಗಿನ ಮೊತ್ತವನ್ನು ನೋಡಿ ಆ ಅಂಕೆಯನ್ನು ನಾವು ಕಂಡುಹಿಡಿಯುವುದಿಲ್ಲವೆ? ನಿಯಂತ್ರಕವೂ ಅಂಥದೇ ಗಣಿತದಿಂದ ತಪ್ಪಿದ ಬಿಟ್‌ಗಳನ್ನು ತಿದ್ದಿ ನಮಗೆ ಸರಿಯಾದ ಚಿತ್ರವನ್ನು ಒಪ್ಪಿಸುತ್ತದೆ. ವಾರಕ್ಕೊಮ್ಮೆ ಕಾರ್ಡನ್ನು ತುಂಬಿ ಬರಿದುಮಾಡುವ ಛಾಯಾಗ್ರಾಹಕನಿಗೆ ವರ್ಷಕ್ಕೆ ೫೨ ಸಲದ ಬರಹವಷ್ಟೆ. ಸಾವಿರ ಸಲ ತಾಳುವ ಕಾರ್ಡು ಸವೆತದಿಂದಲೇ ಸಾಯಬೇಕಾದರೆ ಹಲವು ವರ್ಷಗಳು ಬೇಕು. ರಾತ್ರಿಹಗಲೂ ಬರೆಯುತ್ತಲೇ ಇರುವ ಕಾವಲು ಕ್ಯಾಮೆರಾದ ಮಾತು ಬೇರೆ. ಅದಕ್ಕಾಗಿಯೇ ಹೆಚ್ಚು ಬಾಳುವ ಕಾರ್ಡುಗಳನ್ನು ಪ್ರತ್ಯೇಕವಾಗಿ ಮಾರುತ್ತಾರೆ.

ಆದರೆ ಈ ತಿದ್ದುವಿಕೆಯಲ್ಲಿಯೇ ಒಂದು ಅಪಾಯ ಹುದುಗಿದೆ. ತಪ್ಪುಗಳು ತಿದ್ದಬಹುದಾದ ಮಿತಿಯೊಳಗೆ ಇರುವ ತನಕ ಕಾರ್ಡು ಹೊಸದರಂತೆಯೇ ನಡೆಯುತ್ತದೆ. ಮಿತಿಯನ್ನು ದಾಟಿದೊಡನೆ ಥಟ್ಟನೆ ಕೈಕೊಡುತ್ತದೆ. ಇನ್ನು ಕಾರಕೂನನೇ ಮೂರ್ಛೆಹೋದರಂತೂ ಉಗ್ರಾಣದಲ್ಲಿ ಎಲ್ಲವೂ ಇದ್ದು ಬಾಗಿಲನ್ನು ತೆರೆಯುವವರಿಲ್ಲದಂತಾಗುತ್ತದೆ. ಹಳೆಯ ಗಾಡಿಯಂತೆ ಕಾರ್ಡು ಮುಂಚಿತವಾಗಿ ಕಿರುಗುಟ್ಟುವುದಿಲ್ಲ. ನೆನ್ನೆ ಚೆನ್ನಾಗಿದ್ದುದು ಇಂದು ಚೆನ್ನಾಗಿಲ್ಲದಿರಬಹುದು.

ಇನ್ನೊಂದು ಸಂಗತಿ ಕಾಲದ್ದು. ಬಳಸದೆ ಪೆಟ್ಟಿಗೆಯಲ್ಲಿಟ್ಟ ಕಾರ್ಡಿನಿಂದಲೂ ಇಲೆಕ್ಟ್ರಾನುಗಳು ನಿಧಾನವಾಗಿ ಜಾರಿಹೋಗುತ್ತಿರುತ್ತವೆ. ಉಷ್ಣತೆ ಹೆಚ್ಚಿದಷ್ಟೂ ಈ ಸೋರಿಕೆ ಹೆಚ್ಚು. ಅಥಣಿಯ ಸೀಮೆಯ ಬೇಸಗೆಯಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುವ ಕಾವು, ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನಲ್ಲಿ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಅದರಿಂದ ಕಾರ್ಡು ಒಂದೇ ದಿನದಲ್ಲಿ ಕೆಡುವುದಿಲ್ಲವಾದರೂ ಅದರ ಆಯುಷ್ಯ ಕುಗ್ಗುತ್ತದೆ. ಕಾಗವಾಡದ ಸೀಮೆಯಿಂದ ಗಡಿಯನ್ನು ದಾಟಿದರೆ ಕೃಷ್ಣೆಯ ದಂಡೆಯ ಖಿದ್ರಾಪುರದಲ್ಲಿ ೧೨ನೆಯ ಶತಮಾನದ ಕೊಪ್ಪೇಶ್ವರ ದೇವಾಲಯವಿದೆ. ಅಲ್ಲಿಯ ಕನ್ನಡ ಶಾಸನಗಳನ್ನು ಇಂದಿಗೂ ಕಣ್ಣಾರೆ ನೋಡಬಹುದು. ಆ ಶಾಸನದ ಚಿತ್ರವನ್ನು ತೆಗೆದುಕೊಂಡು ಬಂದ ವಿದ್ಯಾರ್ಥಿ ಅದನ್ನು ಕಾರ್ಡಿನಲ್ಲಿಯೇ ಬಿಟ್ಟು ಹತ್ತಾರು ವರ್ಷ ಮರೆತರೆ, ಮೂಲ ಉಳಿದು ಪ್ರತಿ ಅಳಿದೀತು.

ಮುಖದ ಮೇಲಣ ಗುರುತುಗಳು

ಅಂಗಡಿಯಲ್ಲಿ ಕಾರ್ಡನ್ನು ಕೈಗೆತ್ತಿಕೊಂಡಾಗ ಅದರ ಪುಟ್ಟ ಮುಖದ ಮೇಲೆ ಎಷ್ಟೊಂದು ಗುರುತುಗಳು! ಇವುಗಳನ್ನು ಓದಲು ಬಂದರೆ ಅರ್ಧ ಆಯ್ಕೆ ಮುಗಿದಂತೆ.

ಮೊದಲನೆಯದು ಜಾತಿ. ಬರಿಯ ಎಸ್‌ಡಿ ಎಂದಿದ್ದರೆ ೨ ಗಿಗಾಬೈಟಿನ ವರೆಗೆ. ೨೦೦೬ರಲ್ಲಿ ಬಂದ ಎಸ್‌ಡಿಎಚ್‌ಸಿ ೩೨ ಗಿಗಾಬೈಟಿನ ವರೆಗೆ. ೨೦೦೯ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ ೨ ಟೆರಾಬೈಟಿನ ವರೆಗೆ. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಒಪ್ಪುತ್ತದೆ. ಹಳೆಯ ಕ್ಯಾಮೆರಾ ಹೊಸ ಕಾರ್ಡನ್ನು ಒಪ್ಪಲಾರದು. ಅಣ್ಣನಿಂದ ಬಂದ ೨೦೦೭ರ ಕ್ಯಾಮೆರಾಕ್ಕೆ ೬೪ ಗಿಗಾಬೈಟಿನ ಕಾರ್ಡನ್ನು ಕೊಂಡರೆ ಹಣ ವ್ಯರ್ಥ. ಕ್ಯಾಮೆರಾದ ಕೈಪಿಡಿಯಲ್ಲಿ ಯಾವ ಜಾತಿ, ಎಷ್ಟು ಗಾತ್ರವೆಂದು ಬರೆದಿರುತ್ತದೆ. ಅದನ್ನು ಮೊದಲು ನೋಡತಕ್ಕದ್ದು.

ಎರಡನೆಯದು ವೇಗ. ಇಲ್ಲಿಯೇ ಬಹುಜನ ಮೋಸಹೋಗುವುದು. ದೊಡ್ಡ ಅಕ್ಷರಗಳಲ್ಲಿ ‘೧೦೦ ಮೆಗಾಬೈಟು’ ಎಂದು ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಕಾರ್ಡಿನಿಂದ ಓದುವ ವೇಗ. ಅದೂ ಅತ್ಯುತ್ತಮ ಸ್ಥಿತಿಯಲ್ಲಿ ಸಿಗಬಹುದಾದ ಗರಿಷ್ಠ ವೇಗ. ಕ್ಯಾಮೆರಾಕ್ಕೆ ಬೇಕಾದುದು ಬರೆಯುವ ವೇಗ. ಅದರಲ್ಲಿಯೂ ಎಂಥ ಸ್ಥಿತಿಯಲ್ಲಿಯೂ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲವೆಂಬ ಕನಿಷ್ಠ ವೇಗ. ಅದನ್ನು ತಿಳಿಸುವ ಗುರುತುಗಳು ಚಿಕ್ಕವು. ವೃತ್ತದಂಥ ಗುರುತಿನೊಳಗೆ ೧೦ ಎಂದಿದ್ದರೆ ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟು. ಇಂಗ್ಲಿಷಿನ ‘ಯು’ ಅಕ್ಷರದೊಳಗೆ ೧ ಎಂದಿದ್ದರೆ ಅದೇ ೧೦, ೩ ಎಂದಿದ್ದರೆ ೩೦. ‘ವಿ’ ಅಕ್ಷರದ ಮುಂದೆ ೩೦, ೬೦ ಅಥವಾ ೯೦ ಎಂದಿದ್ದರೆ ಅಷ್ಟೇ ಮೆಗಾಬೈಟುಗಳು. ‘ಎ೧’, ‘ಎ೨’ ಎಂಬವು ಫೋನಿನ ಆ್ಯಪ್‌ಗಳಿಗೆ ಸಂಬಂಧಿಸಿದವು. ಕ್ಯಾಮೆರಾಕ್ಕೆ ಅವುಗಳಿಂದ ಪ್ರಯೋಜನವಿಲ್ಲ.

ಯಾವ ವೇಗ ಬೇಕೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಸೆಕೆಂಡಿಗೆ ೧೦೦ ಮೆಗಾಬಿಟ್‌ಗಳ ೪ಕೆ ಚಲಚ್ಚಿತ್ರವನ್ನು ತೆಗೆಯುವ ಕ್ಯಾಮೆರಾ ಇದೆಯೆನ್ನಿ. ಎಂಟರಿಂದ ಭಾಗಿಸಿದರೆ ೧೨.೫ ಮೆಗಾಬೈಟು. ಹತ್ತರ ಗುರುತಿನ ಕಾರ್ಡು ಇದಕ್ಕೆ ಸಾಲದು. ‘ವಿ೩೦’ ಧಾರಾಳವಾಗಿ ಸಾಕು. ‘ವಿ೯೦’ಕ್ಕೆ ಹಲವು ಪಟ್ಟು ಹಣ ಸುರಿಯುವ ಕಾರಣವೇ ಇಲ್ಲ. ಒಂದು ಗಂಟೆಯ ಚಿತ್ರಣಕ್ಕೆ ೪೫ ಗಿಗಾಬೈಟು ಹಿಡಿಯುತ್ತದೆಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ. ಬರಿಯ ಸ್ಥಿರಚಿತ್ರಗಳನ್ನು ಒಂದೊಂದಾಗಿ ತೆಗೆಯುವವನಿಗೆ ‘ಯು೧’ ಗುರುತೇ ಸಾಕಾದೀತು. ಓಡುವ ಎತ್ತಿನ ಗಾಡಿಯನ್ನೋ ಕುಸ್ತಿಯ ಪಟ್ಟನ್ನೋ ಸೆಕೆಂಡಿಗೆ ಹತ್ತು ಚಿತ್ರಗಳಂತೆ ತೆಗೆಯುವವನಿಗೆ ಮಾತ್ರ ಹೆಚ್ಚಿನ ವೇಗ ಅಗತ್ಯ; ಕಾರ್ಡು ನಿಧಾನವಾದರೆ ಕ್ಯಾಮೆರಾ ನಡುವೆಯೇ ತಡೆದು ನಿಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವೇಗ ಬೇರೆ, ವಿಶ್ವಾಸಾರ್ಹತೆ ಬೇರೆ. ವೇಗದ ಯಾವ ಗುರುತೂ ಕಾರ್ಡು ಎಷ್ಟು ಕಾಲ ಬಾಳುವುದೆಂದು ಹೇಳುವುದಿಲ್ಲ.

ಹುಸಿ ಕಾರ್ಡಿನ ಮರ್ಮ

ಹೊಸದಾಗಿ ಕೊಂಡ ಕಾರ್ಡು ಕೈಕೊಟ್ಟಿತೆಂದರೆ, ಹಲವು ಸಲ ಅದಕ್ಕೆ ಕಾರಣ ಸವೆತವಾಗಲಿ ಸೋರಿಕೆಯಾಗಲಿ ಅಲ್ಲ. ಮೊದಲಿನಿಂದಲೇ ಅದು ಹುಸಿಯಾಗಿರುತ್ತದೆ. ಹೆಸರಾಂತ ಕಂಪನಿಯ ಮುದ್ರೆಯನ್ನು ಹೊತ್ತು, ಅರ್ಧ ಬೆಲೆಗೆ ಸಿಗುವ ‘೧೨೮ ಗಿಗಾಬೈಟಿನ’ ಕಾರ್ಡಿನ ಒಳಗೆ ನಿಜವಾಗಿ ೮ ಗಿಗಾಬೈಟಿನ ಚಿಪ್ಪಿರಬಹುದು. ವಂಚಕರು ಮಾಡುವುದಿಷ್ಟೆ: ನಿಯಂತ್ರಕವೆಂಬ ಕಾರಕೂನನಿಗೆ ಸುಳ್ಳು ಹೇಳಲು ಕಲಿಸುತ್ತಾರೆ. ಎಷ್ಟು ಸ್ಥಳವಿದೆಯೆಂದು ಕ್ಯಾಮೆರಾ ಕೇಳಿದಾಗ ಅವನು ೧೨೮ ಎನ್ನುತ್ತಾನೆ.

ಮೊದಲ ೮ ಗಿಗಾಬೈಟಿನ ವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಕೊಂಡವನು ಹತ್ತಿಪ್ಪತ್ತು ಚಿತ್ರಗಳನ್ನು ತೆಗೆದು ನೋಡಿ ಸಂತೋಷಪಡುತ್ತಾನೆ. ನಾಲ್ಕು ಜನರಿಗೆ ಹೊಗಳಿಯೂ ಹೇಳುತ್ತಾನೆ. ಆ ಮಿತಿಯನ್ನು ದಾಟಿದ ಮೇಲೆ ಬಂದ ಚಿತ್ರಗಳನ್ನು ಕಾರಕೂನನು ತೆಗೆದುಕೊಂಡಂತೆ ನಟಿಸಿ ಎಸೆದುಬಿಡುತ್ತಾನೆ, ಇಲ್ಲವೆ ಹಳೆಯ ಚಿತ್ರಗಳ ಮೇಲೆಯೇ ಬರೆದುಬಿಡುತ್ತಾನೆ. ಚಿತ್ರಗಳ ಹೆಸರಿನ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿ, ಎಂದರೆ ನಿಜವಾಗಿ ಇರುವ ಸ್ಥಳದಲ್ಲಿ, ಬರೆಯಲ್ಪಡುವುದರಿಂದ ಎಲ್ಲ ಹೆಸರುಗಳೂ ಗಾತ್ರಗಳೂ ಪಟ್ಟಿಯಲ್ಲಿ ಸರಿಯಾಗಿಯೇ ಕಾಣುತ್ತವೆ. ತೆರೆದು ನೋಡಿದರೆ ಮಾತ್ರ ಬೂದುಬಣ್ಣದ ಪಟ್ಟೆ! ತೆಲಸಂಗದ ನಮ್ಮ ಮದುವೆಯಲ್ಲಿ ಅರಿಸಿನದ ಚಿತ್ರಗಳು ಉಳಿದು ಅಕ್ಕಿಕಾಳಿನ ಚಿತ್ರಗಳು ಮಾಯವಾಗಿದ್ದರೆ, ಮೊದಲು ಈ ವಂಚನೆಯನ್ನೇ ಶಂಕಿಸಬೇಕು.

ಆದರೆ ಒಂದು ವ್ಯತ್ಯಾಸವನ್ನು ವಂಚನೆಯೆಂದು ತಿಳಿಯಬಾರದು. ೬೪ ಗಿಗಾಬೈಟಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಕೆಲವು ಯಂತ್ರಗಳು ೫೯.೬ ಎಂದು ತೋರಿಸುತ್ತವೆ. ತಯಾರಕರು ಒಂದು ಗಿಗಾಬೈಟೆಂದರೆ ನೂರು ಕೋಟಿ ಬೈಟು ಎನ್ನುತ್ತಾರೆ. ಆ ಯಂತ್ರಗಳು ೧೦೨೪ನ್ನು ಮೂರು ಸಲ ಗುಣಿಸಿ, ೧೦೭ ಕೋಟಿ ೩೭ ಲಕ್ಷ ೪೧ ಸಾವಿರದ ೮೨೪ ಬೈಟುಗಳಿಗೆ ಅದೇ ಹೆಸರನ್ನು ಇಡುತ್ತವೆ. ಅಳತೆಯ ಪಾತ್ರೆ ದೊಡ್ಡದಾದುದರಿಂದ ಅಳತೆಯ ಸಂಖ್ಯೆ ಕಡಮೆಯಾಯಿತೇ ಹೊರತು ವಸ್ತು ಕಡಮೆಯಾಗಲಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಮುದ್ರೆ, ಹೊದಿಕೆ, ಬಣ್ಣ ಇವುಗಳನ್ನು ನೋಡಿ ಅಸಲಿಯನ್ನು ಗುರುತಿಸುವುದು ಕಷ್ಟ. ನಕಲಿನವರು ಅವುಗಳಲ್ಲಿ ಪಳಗಿದವರು. ಅಧಿಕೃತ ಮಾರಾಟಗಾರನಿಂದ ಕೊಂಡು ರಶೀದಿಯನ್ನು ಇಟ್ಟುಕೊಳ್ಳುವುದು ಮೊದಲನೆಯ ರಕ್ಷೆ. ಎರಡನೆಯ ರಕ್ಷೆ ಪರೀಕ್ಷೆ. ಇದಕ್ಕೆ ಕಂಪ್ಯೂಟರೊಂದಿದ್ದರೆ ಸಾಕು.

ಪರೀಕ್ಷೆಯ ತತ್ತ್ವ ಸರಳವಾದುದು: ಹೊಸ ಕಾರ್ಡನ್ನು ಕೊನೆಯ ಬೈಟಿನ ವರೆಗೂ ಗೊತ್ತಾದ ಅಂಕೆಗಳಿಂದ ತುಂಬುವುದು, ಬಳಿಕ ಎಲ್ಲವನ್ನೂ ಮರಳಿ ಓದಿ ಒಂದೊಂದನ್ನೂ ತಾಳೆ ನೋಡುವುದು. ಬರೆದದ್ದೆಲ್ಲ ಹಾಗೆಯೇ ಮರಳಿ ಬಂದರೆ ಕಾರ್ಡು ಹೇಳಿಕೊಂಡಷ್ಟು ಸ್ಥಳ ಅದರಲ್ಲಿ ನಿಜವಾಗಿಯೂ ಇದೆ. ಹೀಗೆ ಮಾಡುವ ಉಚಿತ ತಂತ್ರಾಂಶಗಳಿವೆ. ವಿಂಡೋಸ್ ಯಂತ್ರಕ್ಕೆ ‘ಎಚ್೨ಟೆಸ್ಟ್‌ಡಬ್ಲ್ಯೂ’ ಎಂಬುದೂ, ಲಿನಕ್ಸ್ ಯಂತ್ರಕ್ಕೆ ‘ಎಫ್೩’ ಎಂಬುದೂ ಪ್ರಸಿದ್ಧವಾಗಿವೆ. ಸೆಕೆಂಡಿಗೆ ೨೦ ಮೆಗಾಬೈಟಿನಂತೆ ಬರೆದರೆ ೬೪ ಗಿಗಾಬೈಟನ್ನು ತುಂಬಲು ೩,೨೦೦ ಸೆಕೆಂಡು, ಎಂದರೆ ೫೩ ನಿಮಿಷಕ್ಕೆ ಸ್ವಲ್ಪ ಹೆಚ್ಚು; ಓದಲು ಅದಕ್ಕಿಂತ ಕಡಮೆ. ಸಂಜೆ ಹಚ್ಚಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಸಾವಿರ ಸಲದ ಆಯುಷ್ಯದಲ್ಲಿ ಈ ಪರೀಕ್ಷೆಗೆ ಖರ್ಚಾಗುವುದು ಒಂದೇ ಸಲ. ಬರೆಯುವ ವೇಗವೂ ಅದೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪರೀಕ್ಷೆಯಾದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ಬಳಸಬೇಕು.

ಕೊಂಡ ದಿನವೇ ಈ ಪರೀಕ್ಷೆಯನ್ನು ಮಾಡಿದರೆ ಕಾರ್ಡನ್ನು ಅಂಗಡಿಗೆ ಮರಳಿ ಕೊಡಬಹುದು. ಮದುವೆಯ ಮರುದಿನ ಅದೇ ಸತ್ಯವನ್ನು ತಿಳಿದು ಪ್ರಯೋಜನವೇನು?

ಒಂದು ದೊಡ್ಡದೋ, ಎರಡು ಚಿಕ್ಕವೋ?

ಈಗ ಗಾತ್ರದ ಪ್ರಶ್ನೆ. ೨೪ ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಒಂದು ಜೆಪೆಗ್ ಚಿತ್ರಕ್ಕೆ ಸುಮಾರು ೧೦ ಮೆಗಾಬೈಟು, ಸಂಸ್ಕರಿಸದ ‘ರಾ’ ಚಿತ್ರಕ್ಕೆ ಸುಮಾರು ೨೮ ಮೆಗಾಬೈಟು ಎಂದಿಟ್ಟುಕೊಳ್ಳೋಣ. ಎರಡನ್ನೂ ಉಳಿಸುವುದಾದರೆ ಒಂದೂವರೆ ಸಾವಿರ ಚಿತ್ರಗಳಿಗೆ ೫೭ ಗಿಗಾಬೈಟು ಬೇಕು. ಒಂದು ೬೪ರ ಕಾರ್ಡಿನಲ್ಲಿ ಇದು ಹೇಗೋ ಹಿಡಿಸುತ್ತದೆ. ಹಾಗಾದರೆ ೧೨೮ರದೊಂದನ್ನು ಕೊಂಡು ನಿಶ್ಚಿಂತೆಯಿಂದ ಇರಬಹುದೆ? ಸ್ಥಳದ ದೃಷ್ಟಿಯಿಂದ ನಿಶ್ಚಿಂತೆ. ಹಾನಿಯ ದೃಷ್ಟಿಯಿಂದ ಅಲ್ಲ. ಅದರ ಬದಲು ೬೪ರ ಎರಡು ಕಾರ್ಡುಗಳನ್ನು ಕೊಂಡು ದಿನಕ್ಕೊಂದರಂತೆ ಬಳಸಿದರೆ, ಒಂದು ಕೆಟ್ಟರೂ ಇನ್ನೊಂದು ದಿನದ ಚಿತ್ರಗಳು ಉಳಿಯುತ್ತವೆ. ಹಾಗೆಂದು ಹತ್ತು ಚಿಕ್ಕ ಕಾರ್ಡುಗಳನ್ನು ಜೇಬಿನಲ್ಲಿ ತುಂಬಿಕೊಂಡರೆ ಗದ್ದಲದಲ್ಲಿ ಒಂದು ಬಿದ್ದುಹೋಗುವ ಭಯವುಂಟು. ಎರಡು ಅಥವಾ ಮೂರು ಎಂಬುದೇ ಹದವಾದ ಸಂಖ್ಯೆ.

ಕೆಲವು ಕ್ಯಾಮೆರಾಗಳಲ್ಲಿ ಕಾರ್ಡಿಗೆ ಎರಡು ಮನೆಗಳಿರುತ್ತವೆ; ಪ್ರತಿಯೊಂದು ಚಿತ್ರವನ್ನೂ ಎರಡರಲ್ಲಿಯೂ ಏಕಕಾಲಕ್ಕೆ ಬರೆಯಿಸಬಹುದು. ಇದರ ಬಲವನ್ನು ಸಂಭಾವ್ಯತೆಯ ಗಣಿತದಿಂದ ನೋಡೋಣ. ಲೆಕ್ಕಕ್ಕಾಗಿ, ಒಂದು ಕಾರ್ಡು ಕೆಡುವ ಸಂಭವ ನೂರರಲ್ಲೊಂದು ಎಂದು ಕಲ್ಪಿಸಿಕೊಂಡರೆ, ಎರಡೂ ಒಟ್ಟಿಗೆ ಕೆಡುವ ಸಂಭವ ನೂರರ ನೂರು, ಎಂದರೆ ಹತ್ತು ಸಾವಿರದಲ್ಲೊಂದು. ಆದರೆ ಈ ಗುಣಾಕಾರಕ್ಕೆ ಒಂದು ನಿಬಂಧನೆಯಿದೆ: ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿರಬಾರದು. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯ ಒಂದೇ ಪೆಟ್ಟಿಗೆಯಿಂದ ಕೊಂಡಿದ್ದು, ಆ ಪೆಟ್ಟಿಗೆಯೇ ಹುಸಿಯಾಗಿದ್ದರೆ? ಆಗ ಎರಡೂ ಕೂಡಿಯೇ ಕೈಕೊಡುತ್ತವೆ. ಹತ್ತು ಸಾವಿರದ ಲೆಕ್ಕ ಕಾಗದದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಜೋಡಿ ಕಾರ್ಡುಗಳನ್ನು ಬೇರೆ ಬೇರೆ ಕಡೆ, ಸಾಧ್ಯವಾದರೆ ಬೇರೆ ಬೇರೆ ತಯಾರಕರಿಂದ, ಕೊಳ್ಳುವುದು ಜಾಣತನ. ಎರಡನ್ನೂ ಪರೀಕ್ಷಿಸುವುದಂತೂ ಅವಶ್ಯ.

ಫೋನಿಗೆಂದು ಮಾಡಿದ ಮೈಕ್ರೊ ಎಸ್‌ಡಿಯನ್ನು ಕವಚದಲ್ಲಿಟ್ಟು ಕ್ಯಾಮೆರಾಕ್ಕೆ ಹಾಕುವವರೂ ಇದ್ದಾರೆ. ಇದು ನಡೆಯುತ್ತದೆ. ಆದರೆ ಲೋಹದ ಸಂಪರ್ಕಗಳು ಒಂದು ಜೊತೆಯ ಬದಲು ಎರಡು ಜೊತೆಯಾಗುತ್ತವೆ. ದೂಳು ಕುಳಿತು ತೊಂದರೆಯಾಗುವ ಸ್ಥಾನಗಳೂ ಇಮ್ಮಡಿಯಾಗುತ್ತವೆ. ಕ್ಯಾಮೆರಾಕ್ಕೆ ಪೂರ್ಣ ಗಾತ್ರದ ಕಾರ್ಡೇ ಮೇಲು.

ಬಳಸುವ ಕ್ರಮ

ಒಳ್ಳೆಯ ಕಾರ್ಡೂ ಕೆಟ್ಟ ಬಳಕೆಯಿಂದ ಕೆಡುತ್ತದೆ. ಕ್ಯಾಮೆರಾದ ಚಿಕ್ಕ ದೀಪ ಮಿನುಗುತ್ತಿರುವಾಗ ಬರಹ ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಕಾರ್ಡನ್ನಾಗಲಿ ಬ್ಯಾಟರಿಯನ್ನಾಗಲಿ ಕಿತ್ತರೆ ಚಿತ್ರವೊಂದೇ ಅಲ್ಲ, ಹೆಸರಿನ ಪಟ್ಟಿಯೇ ಅರ್ಧಕ್ಕೆ ನಿಂತು ಹಾಳಾಗಬಹುದು. ಬ್ಯಾಟರಿ ಮುಗಿಯುವ ಹಂತದಲ್ಲಿ ಹಟಹಿಡಿದು ಚಿತ್ರ ತೆಗೆಯುವುದೂ ಇದೇ ಕಾರಣದಿಂದ ಸಲ್ಲದು.

ಕಾರ್ಡಿನ ಪಕ್ಕದಲ್ಲಿರುವ ಸರಿಯುವ ಗುಬುಟನ್ನು ಕೆಳಗಿಳಿಸಿದರೆ ಬರಹಕ್ಕೆ ಬೀಗ ಬೀಳುತ್ತದೆ. ತುಂಬಿದ ಕಾರ್ಡಿಗೆ ಹೀಗೆ ಬೀಗ ಹಾಕಿ ಇಟ್ಟರೆ ತಪ್ಪಿ ಅಳಿಸುವ ಭಯವಿಲ್ಲ. ಕಾರ್ಡನ್ನು ಬಿಡಿಯಾಗಿ ಜೇಬಿನಲ್ಲಿ ಹಾಕದೆ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿಡಬೇಕು. ಅದರ ಲೋಹದ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಬಾರದು. ಅಯಸ್ಕಾಂತಕ್ಕೂ ವಿಮಾನ ನಿಲ್ದಾಣದ ಕ್ಷಕಿರಣಕ್ಕೂ ಹೆದರುವವರುಂಟು. ಕಾರ್ಡಿನ ಬರಹ ಕಾಂತೀಯವಲ್ಲವಾದುದರಿಂದ ಅಯಸ್ಕಾಂತ ಅದನ್ನೇನೂ ಮಾಡದು. ನಿಲ್ದಾಣದ ಕಿರಣಗಳಿಂದಲೂ ಹಾನಿಯಿಲ್ಲ. ಹೆದರಬೇಕಾದುದು ಬಿಸಿಲಿಗೆ, ದೂಳಿಗೆ ಮತ್ತು ನಮ್ಮ ಅವಸರಕ್ಕೆ.

ಕೆಟ್ಟ ಮೇಲೆ ಮಾಡತಕ್ಕದ್ದು

ಇಷ್ಟಾದರೂ ಒಂದು ದಿನ ಕಾರ್ಡು ಓದಲಾರದಂತಾದರೆ? ಆಗ ಮಾಡಬೇಕಾದ ಮೊದಲನೆಯ ಕೆಲಸ, ಏನನ್ನೂ ಮಾಡದಿರುವುದು. ಅದೇ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನು ತೆಗೆಯಬಾರದು. ಫಾರ್ಮ್ಯಾಟ್ ಮಾಡಲೆ ಎಂದು ಯಂತ್ರ ಕೇಳಿದರೆ ಒಪ್ಪಬಾರದು. ಕಾರ್ಡನ್ನು ಹೊರಗೆ ತೆಗೆದು ಬೇರೊಂದನ್ನು ಹಾಕಿಕೊಂಡು ಕೆಲಸವನ್ನು ಮುಂದುವರಿಸಬೇಕು.

ಇದಕ್ಕೆ ಕಾರಣವಿದೆ. ಎಷ್ಟೋ ವೇಳೆ ಹಾಳಾಗಿರುವುದು ಹೆಸರಿನ ಪಟ್ಟಿ ಮಾತ್ರ. ಚಿತ್ರಗಳು ಕೋಶಗಳಲ್ಲಿ ಹಾಗೆಯೇ ಇರುತ್ತವೆ. ಗ್ರಂಥಾಲಯದ ಸೂಚಿ ಹರಿದರೂ ಕಪಾಟಿನ ಗ್ರಂಥಗಳು ಇರುವಂತೆ. ಪ್ರತಿಯೊಂದು ಜೆಪೆಗ್ ಚಿತ್ರವೂ ೨೫೫ ಮತ್ತು ೨೧೬ ಎಂಬ ಬೆಲೆಯ ಎರಡು ಬೈಟುಗಳಿಂದಲೇ ಆರಂಭವಾಗುತ್ತದೆ. ‘ಫೋಟೊರೆಕ್’ ಮೊದಲಾದ ತಂತ್ರಾಂಶಗಳು ಪಟ್ಟಿಯ ಗೊಡವೆಗೆ ಹೋಗದೆ, ಇಡೀ ಕಾರ್ಡನ್ನು ಮೊದಲಿನಿಂದ ಕೊನೆಯ ವರೆಗೆ ಓದುತ್ತ, ಇಂಥ ಆರಂಭದ ಗುರುತುಗಳನ್ನು ಹುಡುಕಿ ಚಿತ್ರಗಳನ್ನು ಹೊರತೆಗೆಯುತ್ತವೆ. ಹೊಸ ಚಿತ್ರವನ್ನು ಬರೆದರೆ ಹಳೆಯದರ ಜಾಗ ಅದಕ್ಕೆ ಹೋಗಿಬಿಡುತ್ತದೆ. ಆ ಮೇಲೆ ಯಾವ ತಂತ್ರಾಂಶವೂ ಸಹಾಯಮಾಡಲಾರದು. ಹುಸಿ ಕಾರ್ಡು ಎಸೆದುಬಿಟ್ಟ ಚಿತ್ರಗಳಂತೂ ಎಂದೂ ಬರೆಯಲ್ಪಟ್ಟೇ ಇಲ್ಲ. ಅವುಗಳನ್ನು ಯಾರೂ ಮರಳಿ ತರಲಾರರು. ಪರೀಕ್ಷೆಯ ಬೆಲೆ ಎಷ್ಟೆಂಬುದು ಇದರಿಂದ ತಿ‌ಳಿಯುತ್ತದೆ.

ಕಾರ್ಡು ಚೀಲ, ಹಗೇವಲ್ಲ

ನಮ್ಮ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪರೀಕ್ಷಿಸಿ ಆರಿಸಿದ ಕಾರ್ಡನ್ನು ನಂಬಬಹುದು. ಎಷ್ಟು ಹೊತ್ತಿನ ತನಕ ಎಂದರೆ, ಮನೆಗೆ ಬಂದು ಪ್ರತಿ ತೆಗೆಯುವ ತನಕ. ಜೋಳವನ್ನು ಕಣದಿಂದ ಮನೆಗೆ ತರಲು ಚೀಲ ಬೇಕು. ವರ್ಷಗಟ್ಟಲೆ ಕಾಪಾಡಲು ಹಗೇವು ಬೇಕು. ಚೀಲ ಗಟ್ಟಿಯಾಗಿರಬೇಕು, ತೂತಿರಬಾರದು. ಆದರೂ ಅದನ್ನೇ ಹಗೇವೆಂದು ತಿಳಿದು ಅಂಗಳದಲ್ಲಿ ಬಿಡುವ ರೈತನಿಲ್ಲ. ಮೆಮರಿ ಕಾರ್ಡು ಅಂಥ ಚೀಲ.

ಹಾಗಾದರೆ ಹಗೇವು ಯಾವುದು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ‘ಮೂರು-ಎರಡು-ಒಂದು’ ಎಂಬ ಸೂತ್ರವಿದೆ. ಬೇಕಾದ ಚಿತ್ರಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲೊಂದು ಬೇರೆ ಸ್ಥಳದಲ್ಲಿರಲಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಬೇರೆಯಾದ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಪರಊರಿನ ಬಂಧುಗಳ ಮನೆಯಲ್ಲಿಯೋ ಅಂತರಜಾಲದ ಸಂಗ್ರಹದಲ್ಲಿಯೋ ಮತ್ತೊಂದು. ಬೇರೆ ಸ್ಥಳವೆಂಬ ಮಾತಿನ ಅರ್ಥವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ, ಮನೆಯೊಂದು ಮುಳುಗಿದರೆ ಅದರಲ್ಲಿದ್ದ ಕಾಗದಪತ್ರ, ಪಟ, ಪೆಟ್ಟಿಗೆ ಎಲ್ಲವೂ ಒಟ್ಟಿಗೆ ಮುಳುಗುತ್ತವೆಂಬುದನ್ನು ಜನ ಕಣ್ಣಾರೆ ಕಂಡಿದ್ದಾರೆ. ಮೂರು ಪ್ರತಿಗಳೂ ಒಂದೇ ಕಪಾಟಿನಲ್ಲಿದ್ದರೆ ಅವು ಮೂರಲ್ಲ, ಒಂದೇ.

ಆದುದರಿಂದ ಮದುವೆ ಮುಗಿದ ರಾತ್ರಿ ಎಷ್ಟೇ ದಣಿವಾಗಿದ್ದರೂ ಛಾಯಾಗ್ರಾಹಕನು ಮೊದಲು ಕಾರ್ಡಿನ ಪ್ರತಿಯನ್ನು ತೆಗೆಯಲಿ. ಎರಡನೆಯ ಪ್ರತಿಯೂ ಆದ ಮೇಲೆ, ಕೆಲವು ಚಿತ್ರಗಳನ್ನು ತೆರೆದು ನೋಡಿ ಖಾತ್ರಿಮಾಡಿಕೊಂಡು, ಆ ಬಳಿಕ ಕಾರ್ಡನ್ನು ಅಳಿಸಲಿ. ಆಗ ಕಾರ್ಡು ಕೆಟ್ಟರೆ ಹೋಗುವುದು ಕಾರ್ಡು ಮಾತ್ರ. ಮುತ್ತಜ್ಜಿಯ ಚಿತ್ರ ಮೊಮ್ಮಕ್ಕಳಿಗೆ ಉಳಿಯುತ್ತದೆ.